ಹಲವು ದ್ರಾಕ್ಷಿ ಸೇರಿದ ವೈನ್ ಕೀಳಲ್ಲ

ಮಾನ್ಯ ಸಂಪಾದಕರೇ,

ಆಮದು ವೈನ್‌ಗಳ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನದಲ್ಲಿ, ಒಂದೇ ತಳಿಯ ದ್ರಾಕ್ಷಿಯಿಂದ ಮಾಡಿದ್ದು ಮಾತ್ರ ಶುದ್ಧ, ಎರಡು ಮೂರು ತಳಿ ಸೇರಿಸುವುದು ಖರ್ಚು ಉಳಿಸುವ ಉಪಾಯ ಎಂಬ ಅರ್ಥದ ಮಾತಿದೆ. ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಇದು ಸರಿಯೆನಿಸಲಿಲ್ಲ. ಇಟಲಿಯ ಕೆಂಪು ವೈನ್‌ನ ಮಟ್ಟಿಗಂತೂ ಇದು ಇತಿಹಾಸಕ್ಕೆ ಹೊಂದದ ಮಾತು.

ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಗುಡ್ಡಗಳಲ್ಲಿ ತಯಾರಾಗುವ ಕಿಯಾಂತಿಯನ್ನೇ ನೋಡಬಹುದು. ಇಟಲಿಯ ಪ್ರಧಾನಿಯಾಗಿದ್ದ ಬೆಟ್ಟಿನೊ ರಿಕಾಸೊಲಿ, ಬ್ರೋಲಿಯೊದ ತಮ್ಮ ಮನೆತನದ ತೋಟಗಳಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿ, ಯಾವ ದ್ರಾಕ್ಷಿಯಿಂದ ಏನು ಸಿಗುತ್ತದೆ ಎಂಬುದನ್ನು 1872ರಲ್ಲಿ ಪ್ರಾಧ್ಯಾಪಕರೊಬ್ಬರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಪರಿಮಳ ಮತ್ತು ಕಸುವು ಸಾಂಜೊವೇಸೆ ಎಂಬ ಕೆಂಪು ದ್ರಾಕ್ಷಿಯದು. ಅದರ ಒರಟುತನವನ್ನು ತಗ್ಗಿಸುವುದು ಕಾನಾಯೊಲೊ ಎಂಬ ಇನ್ನೊಂದು ಕೆಂಪು ತಳಿ. ಬಿಳಿ ದ್ರಾಕ್ಷಿಯಾದ ಮಾಲ್ವಾಸಿಯಾ ಬೇಗ ಕುಡಿಯುವ ವೈನ್‌ಗೆ ಸರಿ, ಬಹುಕಾಲ ಇಡುವ ವೈನ್‌ಗೆ ಬೇಡ. ಖಾರದ ಪುಡಿಗೆ ಬಣ್ಣಕ್ಕೆಂದು ಬ್ಯಾಡಗಿಯನ್ನೂ ಖಾರಕ್ಕೆಂದು ಗುಂಟೂರನ್ನೂ ಸೇರಿಸುವ ನಮ್ಮ ಕಡೆಯವರಿಗೆ ಈ ಲೆಕ್ಕ ಹೊಸದಲ್ಲ.

ಕೆಟ್ಟದ್ದು ಆಮೇಲೆ, ಅದೂ ಕಾನೂನಿನ ಕೈಯಿಂದಲೇ. ಕಿಯಾಂತಿಯಲ್ಲಿ ಶೇ 10ರಿಂದ 30ರಷ್ಟು ಬಿಳಿ ದ್ರಾಕ್ಷಿ ಇರಲೇಬೇಕೆಂದು 1967ರ ನಿಯಮ ಹೇಳಿತು. ಹೆಚ್ಚು ಇಳುವರಿ ಕೊಡುವ ತ್ರೆಬ್ಬಿಯಾನೊ ಎಂಬ ಬಿಳಿ ತಳಿ ಧಾರಾಳವಾಗಿ ಸೇರಿ ವೈನ್ ತೆಳುವಾಯಿತು, ಹೆಸರೂ ಕೆಟ್ಟಿತು. ಲೇಖಕರ ಟೀಕೆ ಆ ಕಾಲಕ್ಕೆ ಸಲ್ಲುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದನ್ನು ಸರಿಪಡಿಸಿದವರು ತಳಿ ಸೇರಿಸುವುದನ್ನು ಬಿಡಲಿಲ್ಲ, ಯಾವುದನ್ನು ಸೇರಿಸಬೇಕೆಂಬುದನ್ನು ಬದಲಿಸಿದರು. 1385ರಿಂದ ಇದೇ ವೃತ್ತಿಯಲ್ಲಿರುವ, ಈಗ ಮೂವರು ಅಕ್ಕತಂಗಿಯರು ಮುನ್ನಡೆಸುತ್ತಿರುವ ಆಂಟಿನೋರಿ ಕುಟುಂಬವು 1971ರ ಫಸಲಿನ ತಿನ್ಯಾನೆಲ್ಲೊ ವೈನ್‌ಗೆ ಕಿಯಾಂತಿ ಎಂಬ ಹೆಸರೇ ಬೇಡವೆಂದು, ಊಟದ ಸಾಮಾನ್ಯ ವೈನ್ ಎಂಬ ಕೆಳದರ್ಜೆಯಲ್ಲಿ ಅದನ್ನು ಮಾರಿತು; 1975ರ ಹೊತ್ತಿಗೆ ಬಿಳಿ ದ್ರಾಕ್ಷಿಯನ್ನು ಪೂರ್ತಿ ಕೈಬಿಟ್ಟು ಸಾಂಜೊವೇಸೆಗೆ ಫ್ರಾನ್ಸ್ ಮೂಲದ ಕ್ಯಾಬರ್ನೆಯನ್ನು ಜೊತೆ ಮಾಡಿತು. ಷೇರುದಾರರಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕಾದ ಕಂಪನಿಯೊಂದು ಇಂಥದ್ದಕ್ಕೆ ಕೈ ಹಾಕುತ್ತಿತ್ತೇ ಎಂಬುದು ನನ್ನ ಅನುಮಾನ. ಕೊನೆಗೆ ನಿಯಮವೇ ದಾರಿಗೆ ಬಂತು. ಕಿಯಾಂತಿಯ ಮೂಲ ಪ್ರದೇಶದ ವೈನ್ ಆದ ಕಿಯಾಂತಿ ಕ್ಲಾಸಿಕೊದಲ್ಲಿ ಈಗ ಕನಿಷ್ಠ ಶೇ 80ರಷ್ಟು ಸಾಂಜೊವೇಸೆ ಇರಬೇಕು, ಉಳಿದದ್ದು ಬೇರೆ ಕೆಂಪು ತಳಿಗಳದ್ದಾಗಬಹುದು. 2006ರಿಂದ ಬಿಳಿ ದ್ರಾಕ್ಷಿಗೆ ಅವಕಾಶವಿಲ್ಲ.

ಇನ್ನು ಖರ್ಚಿನ ಮಾತು. ತಳಿಗಳು ಒಂದೇ ಹೊತ್ತಿಗೆ ಹಣ್ಣಾಗುವುದಿಲ್ಲವಾದ್ದರಿಂದ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕೊಯ್ದು, ಬೇರೆಬೇರೆ ತೊಟ್ಟಿಗಳಲ್ಲಿ ಹುಳಿಯಿಸಿ, ತಿಂಗಳುಗಟ್ಟಲೆ ಕಾದು, ರುಚಿ ನೋಡಿದ ಮೇಲೆಯೇ ಪ್ರಮಾಣವನ್ನು ನಿರ್ಧರಿಸುವುದು ಒಳ್ಳೆಯ ವೈನರಿಗಳ ಕ್ರಮ. ಸಾಂಜೊವೇಸೆಗೆ ಹುಳಿ ಹೆಚ್ಚು, ಬಣ್ಣ ಕಡಿಮೆ. ಕ್ಯಾಬರ್ನೆ ಬಣ್ಣವನ್ನೂ ಒಗರನ್ನೂ ತುಂಬಿಕೊಡುತ್ತದೆ. ಮಳೆ ಬಿಸಿಲು ಪ್ರತಿ ವರ್ಷ ಒಂದೇ ರೀತಿ ಇರುವುದಿಲ್ಲ, ಆದ್ದರಿಂದ ಹಿಂದಿನ ವರ್ಷದ ಅಳತೆಯನ್ನು ಕಣ್ಣುಮುಚ್ಚಿ ಅನುಸರಿಸುವಂತೆಯೂ ಇಲ್ಲ. ಇದರಲ್ಲಿ ಉಳಿತಾಯ ಎಲ್ಲಿಂದ ಬರಬೇಕು? ನಮ್ಮದೇ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ವೈನರಿಯ ಲಾ ರಿಸರ್ವ್ ಕೂಡ ಕ್ಯಾಬರ್ನೆ ಮತ್ತು ಶಿರಾಜ್ ಸೇರಿದ ವೈನ್ ಎಂಬುದನ್ನು ಲೇಖಕರು ಮರೆತಂತಿದೆ.

ನಾನು ಯಾರಿಗೂ ಕುಡಿಯಿರಿ ಎನ್ನುತ್ತಿಲ್ಲ. ಕೊಳ್ಳುವವರು ಹೇಗೂ ಕೊಳ್ಳುತ್ತಾರೆ, ಅವರು ನೋಡಬೇಕಾದದ್ದು ತಳಿಗಳ ಸಂಖ್ಯೆಯನ್ನಲ್ಲ. ದಾವಣಗೆರೆಯ ಮಳಿಗೆಯೊಂದರಲ್ಲಿ ಈಚೆಗೆ ಕಂಡ ಇಟಲಿಯ ಬಾಟಲಿಯ ಹಿಂಬದಿಯ ಚೀಟಿಯ ಮೇಲೆ ಆಮದುದಾರರ ಇನ್ನೊಂದು ಚೀಟಿ ಅಂಟಿಸಿದ್ದರಿಂದ ಯಾವ ದ್ರಾಕ್ಷಿ, ಯಾರ ತೋಟದ್ದು ಎಂಬ ವಿವರವೆಲ್ಲ ಮುಚ್ಚಿಹೋಗಿತ್ತು. ಸಾಲದ್ದಕ್ಕೆ ಅದನ್ನು ಗಾಜಿನ ಕಪಾಟಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಎದುರಾಗಿ ನಿಲ್ಲಿಸಿದ್ದರು. ನಮ್ಮೂರಿನ ಏಪ್ರಿಲ್ ಸೆಕೆಯಲ್ಲಿ ಎಂಥ ಮನೆತನದ ವೈನ್ ಆದರೂ ಹಾಗೆ ಉಳಿಯದು. ಪುರವಣಿಯ ಮುಂದಿನ ಕಂತುಗಳಲ್ಲಿ ಪ್ರತಿ ವೈನ್‌ನ ಜೊತೆಗೆ ತಳಿಗಳ ಹೆಸರು, ಫಸಲಿನ ವರ್ಷ ಮತ್ತು ಇಡಬೇಕಾದ ಕ್ರಮವನ್ನು ಮುದ್ರಿಸಬೇಕೆಂದು ಕೋರುತ್ತೇನೆ.

ಇತಿ,
ಓದುಗ, ವಿದ್ಯಾನಗರ, ದಾವಣಗೆರೆ