20 ಬೈಟಿನಲ್ಲಿ ಬೆಂಗಳೂರು ಹಿಡಿಯದು

ಮಾನ್ಯರೇ,

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿರುವ ನನ್ನ ಮಗಳ ಸಿ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ರೆಕಾರ್ಡನ್ನು ಕಳೆದ ವಾರ ತಿರುವಿ ಹಾಕುತ್ತಿದ್ದಾಗ ಒಂದು ಪುಟದಲ್ಲಿ ಕೆಂಪು ಶಾಯಿಯ ಗುರುತು ಕಂಡಿತು. ಊರಿನ ಹೆಸರನ್ನು ಇಟ್ಟುಕೊಳ್ಳುವ ಸ್ಟ್ರಕ್ಚರಿನ (ಹಲವು ಮಾಹಿತಿಗಳ ಕಟ್ಟು) ಕೊನೆಯ ಅರೇಗೆ (ಒಂದೇ ಬಗೆಯ ಅಂಶಗಳ ಸಾಲು) ಆಕೆ ಅಳತೆ ನಮೂದಿಸದೆ ಆವರಣವನ್ನು ಖಾಲಿ ಬಿಟ್ಟಿದ್ದಳು; ಅಧ್ಯಾಪಕರು ಅದರೊಳಗೆ 20 (ಅಂದರೆ 20 ಬೈಟ್ ಜಾಗ) ಎಂದು ಬರೆದು ಒಂದು ಅಂಕ ಕಳೆದಿದ್ದರು. ಅಂಕದ ಬಗ್ಗೆ ನನ್ನ ತಕರಾರಿಲ್ಲ, ಆ 20ರ ಬಗ್ಗೆ ಇದೆ.

'ಬೆಂಗಳೂರು' ಎಂಬ ಪದ ಕಣ್ಣಿಗೆ ನಾಲ್ಕೇ ಅಕ್ಷರವಾದರೂ ಸ್ವರಚಿಹ್ನೆ, ಅನುಸ್ವಾರಗಳು ಬೇರೆಯಾಗಿಯೇ ಎಣಿಕೆಗೆ ಬರುವುದರಿಂದ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಎಂಟು ಸಂಕೇತಗಳಾಗುತ್ತವೆ. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಅಲ್ಲಿಗೆ 24, ಹೆಸರು ಮುಗಿಯಿತೆಂದು ತಿಳಿಸುವ ಕೊನೆಯ ಸೊನ್ನೆ ಸೇರಿ 25. ತಿದ್ದಿಕೊಟ್ಟ ಪ್ರೋಗ್ರಾಮಿಗೆ ನಮ್ಮ ಊರಿನ ಹೆಸರನ್ನೇ ಕನ್ನಡದಲ್ಲಿ ಕೊಟ್ಟರೆ ಐದು ಬೈಟ್ ಹೊರಚೆಲ್ಲಿ ಪಕ್ಕದ ಮೆಮೊರಿಯನ್ನು ಕೆಡಿಸುತ್ತದೆ. ಹಾಗೆಂದು 200 ಬರೆದರೆ ಪ್ರತಿ ಹೆಸರಿಗೂ ಬಹುಪಾಲು ಜಾಗ ದಂಡ.

ಮಗಳು ಬರೆದದ್ದು 1999ರ ಸಿ ಮಾನಕವೇ ಒಪ್ಪಿದ ಕ್ರಮ. ಅಳತೆಯಿಲ್ಲದ ಅರೇ ಸ್ಟ್ರಕ್ಚರಿನ ಕಟ್ಟಕಡೆಯ ಸದಸ್ಯನಾಗಿರಬೇಕು, ಅದಕ್ಕೂ ಮೊದಲು ಹೆಸರುಳ್ಳ ಇನ್ನೊಂದಾದರೂ ಸದಸ್ಯ ಇರಬೇಕು. ಸ್ಟ್ರಕ್ಚರಿನ ಗಾತ್ರ ಹೇಳುವ ಸೈಜ್‌ಆಫ್ ಈ ಬಾಲವನ್ನು ಎಣಿಸುವುದಿಲ್ಲವಾದ್ದರಿಂದ, ಹೆಸರಿನ ಉದ್ದವನ್ನು ಹಿಡಿಯುವ ಪೂರ್ಣಾಂಕವಾದ ಇಂಟ್‌ನ 4 ಬೈಟಿಗೆ ಹೆಸರಿನ 25 ಕೂಡಿಸಿ, ಮೆಮೊರಿ ಕೇಳಿ ಪಡೆಯುವ ಒಂದೇ ಮ್ಯಾಲಕ್‌ನಲ್ಲಿ 29 ಬೈಟ್ ಪಡೆದರೆ ಸಾಕು. ಆ ಮೆಮೊರಿಯ ಬಿಡುಗಡೆಗೂ ಒಂದೇ ಫ್ರೀ.

ಅದಕ್ಕೂ ಹಿಂದೆ ಆವರಣದಲ್ಲಿ 1 ಎಂದು ಬರೆದು, ಬೇಕಾದಷ್ಟು ಹೆಚ್ಚಿಗೆ ಜಾಗ ಪಡೆಯುವ ಉಪಾಯ ಬಳಕೆಯಲ್ಲಿತ್ತು. ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿಯವರೇ ಅದನ್ನು ಕಂಪೈಲರ್ (ಪ್ರೋಗ್ರಾಮನ್ನು ಯಂತ್ರಭಾಷೆಗೆ ತರುವ ತಂತ್ರಾಂಶ) ಜೊತೆಗಿನ ಸಲ್ಲದ ಸಲುಗೆ ಎಂದಿದ್ದರು. ಅಂಥ ಹಳೆಯ ಕೋಡೊಂದನ್ನು ಹೊಸ ಕ್ರಮಕ್ಕೆ ತರುವಾಗ ನಾನೇ ಎಡವಿದ್ದೇನೆ: ಆವರಣದೊಳಗಿನ 1ನ್ನು ಅಳಿಸಿದೆ, ಮ್ಯಾಲಕ್‌ನ ಲೆಕ್ಕವನ್ನು ಹಾಗೆಯೇ ಬಿಟ್ಟೆ. ಕೊನೆಯ ಸೊನ್ನೆಗೆ ಜಾಗ ಕೊಡುತ್ತಿದ್ದುದು ಆ 1 ಎಂಬುದು ಹೊಳೆಯಲೇ ಇಲ್ಲ. ಮ್ಯಾಲಕ್ ಕೇಳಿದ್ದಕ್ಕಿಂತ ತುಸು ಹೆಚ್ಚೇ ಕೊಡುವುದುಂಟಾದ್ದರಿಂದ ತಪ್ಪು ತಿಂಗಳುಗಟ್ಟಲೆ ಮುಚ್ಚಿಕೊಂಡಿತ್ತು. ಒಂದು ದಿನ ಸರಿಯಾಗಿ ಅಂಚಿಗೆ ಬಂದು ನಿಂತ ಉದ್ದದ ಹೆಸರೊಂದು ಬಂದಾಗ ಪ್ರೋಗ್ರಾಂ ಸಂಬಂಧವೇ ಇಲ್ಲದ ಇನ್ನೊಂದು ಫ್ರೀಯಲ್ಲಿ ಕುಸಿಯಿತು, ಅದನ್ನು ಹುಡುಕಲು ನನಗೆ ಎರಡು ರಾತ್ರಿ ಹಿಡಿಯಿತು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ಲಿನಲ್ಲಿಯೂ ಇಂಥ ಒಂದಂಶದ ಅರೇಗಳನ್ನು ತೆಗೆದು ಅಳತೆಯಿಲ್ಲದವನ್ನು ಹಾಕುವ ಕೆಲಸ ವರ್ಷಗಟ್ಟಲೆ ನಡೆದಿದೆ.

ಆ ಅಧ್ಯಾಪಕರನ್ನು ದೂರಲಾರೆ. ಅವರ ಲ್ಯಾಬಿನಲ್ಲಿರುವ ನೀಲಿ ಪರದೆಯ ಕಂಪೈಲರ್ 1999ಕ್ಕಿಂತ ಹಳೆಯದು, ಆ ಮಾನಕವನ್ನು ಅದು ಅರಿಯದು. ಆ ಮಾನಕವನ್ನು ಒಪ್ಪುವ ಜಿಸಿಸಿ ಕಂಪೈಲರ್ ಉಚಿತವಾಗಿಯೇ ಸಿಗುತ್ತಿರುವಾಗ ಕಾಲೇಜುಗಳು ಅದನ್ನು ಹಾಕಿಸಿ, ಪಠ್ಯಕ್ರಮ ಸಿದ್ಧಪಡಿಸುವವರು ಈ ಒಂದು ಅಭ್ಯಾಸವನ್ನು ರೆಕಾರ್ಡಿಗೆ ಸೇರಿಸಬೇಕು. ಪರೀಕ್ಷಿಸುವಾಗ ಇಂಗ್ಲಿಷ್ ಹೆಸರಿನ ಜೊತೆಗೆ 'ಬೆಂಗಳೂರು' ಎಂದೂ ಕೊಟ್ಟು ನೋಡುವಂತೆ ವಿದ್ಯಾರ್ಥಿಗಳಿಗೆ ತಿಳಿಸಬೇಕೆಂದು ಕೋರುತ್ತೇನೆ.

– ಒಬ್ಬ ತಂತ್ರಾಂಶ ಎಂಜಿನಿಯರ್, ಬಸವನಗುಡಿ, ಬೆಂಗಳೂರು