ವಿಷಯ: ಪ್ರಯಾಣದ ಸಮಯ ತಪ್ಪಾಗಿ ತೋರಿಸಿ ಮುಂದಿನ ವಿಮಾನ ತಪ್ಪಿಸಿದ ಬಗ್ಗೆ ದೂರು

ಮಾನ್ಯರೇ,

ಮೂರು ಸಲ ಫೋನ್ ಮಾಡಿದೆ, ಎರಡು ಮೇಲ್ ಕಳಿಸಿದೆ. ಇನ್ನು ಮೆತ್ತಗೆ ಹೇಳುವ ತಾಳ್ಮೆ ನನ್ನಲ್ಲಿಲ್ಲ.

ನಿಮ್ಮ ಆ್ಯಪ್‌ನಲ್ಲಿ ಎರಡು ವಿಮಾನಗಳ ಟಿಕೆಟ್ ಒಟ್ಟಿಗೆ ತೆಗೆದುಕೊಂಡೆ. ಮೊದಲನೆಯದಕ್ಕೆ ದೂರ 4,500 ಕಿ.ಮೀ., ಪ್ರಯಾಣ 5 ಗಂಟೆ, ನಡುವೆ 2 ಗಂಟೆ ಬಿಡುವು ಎಂದು ತೋರಿಸಿದಿರಿ. ದುಡ್ಡು ಕಟ್ಟಿದ ಮೇಲೆ ವಿಮಾನ ಕಂಪನಿಯ ಟಿಕೆಟ್ ಬಂತು. ಎರಡು ಊರಿನ ಗಡಿಯಾರದ ವ್ಯತ್ಯಾಸ ಲೆಕ್ಕಕ್ಕೆ ಹಿಡಿದು ನೋಡಿದರೆ ಪ್ರಯಾಣ 6 ಗಂಟೆ 15 ನಿಮಿಷ! ಬಿಡುವು 45 ನಿಮಿಷಕ್ಕೆ ಇಳಿದಿತ್ತು. ಎರಡೂ ಬೇರೆ ಬೇರೆ ಟಿಕೆಟ್, ಲಗೇಜ್ ನಾನೇ ಎತ್ತಿ ಮತ್ತೆ ಕೊಡಬೇಕು. ಚೆಕ್-ಇನ್ ಕೌಂಟರ್ ಮುಚ್ಚುವುದು ವಿಮಾನ ಹೊರಡುವ 1 ಗಂಟೆ ಮೊದಲು. ಅಂದರೆ ನಾನು ಇಳಿಯುವ ಹೊತ್ತಿಗೇ ಮುಚ್ಚಿರುತ್ತದೆ. ಅವತ್ತೇ ಫೋನ್ ಮಾಡಿ ಹೇಳಿದೆ. "ನೋಡ್ತೀವಿ" ಅಂದಿರಿ. ಯಾರೂ ನೋಡಲಿಲ್ಲ.

ವಿಮಾನ ತಪ್ಪಿದ ರಾತ್ರಿ, ಮುಚ್ಚಿದ ಕೌಂಟರ್ ಎದುರು ಸೂಟ್‌ಕೇಸ್ ಮೇಲೆ ಕೂತು ಮತ್ತೆ ಫೋನ್ ಮಾಡಿದೆ. ನಿಮ್ಮ ಸಿಬ್ಬಂದಿ ಕೇಳಿದರು, "ದೂರ ಎಷ್ಟು?" 4,500 ಅಂದೆ. "ವಿಮಾನದ ವೇಗ?" 900 ಅಂದೆ. "ಭಾಗಿಸಿ." ಸುಮ್ನಾದೆ. "ಭಾಗಿಸಿ, ನಾನು ಕಾಯ್ತೀನಿ." ಪಕ್ಕದಲ್ಲಿ ನಿಂತವರು ನನ್ನನ್ನೇ ನೋಡುತ್ತಿದ್ದರು. ಐದು ಅಂದೆ. "ಸರಿಯಾಗೇ ಇದೆಯಲ್ವಾ ಮತ್ತೆ?" ಹಿಂದೆ ಯಾರೋ ನಕ್ಕಿದ್ದು ಕೇಳಿಸಿತು. ಲೈನಲ್ಲಿರಿ ಅಂದರು. 11 ನಿಮಿಷ ಅದೇ ಟ್ಯೂನ್ ಕೇಳಿದೆ. ಆಮೇಲೆ ಕಾಲ್ ಕಟ್.

ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಸಮಯ ಸಿಗುವುದಿಲ್ಲ. ಟಿಕೆಟ್ ಮಾರುವ ನಿಮಗೆ ಇದು ಗೊತ್ತಿಲ್ಲದ್ದಲ್ಲ. ನೀವು ತೋರಿಸುವುದು ಭೂಮಿಯ ಮೇಲೆ ಎಳೆದ ಅತಿ ಹತ್ತಿರದ ಗೆರೆಯ ದೂರ. ವಿಮಾನ ಆ ಗೆರೆ ಮೇಲೇ ಹಾರುವುದಿಲ್ಲ, ನಿಗದಿಯಾದ ದಾರಿಯಲ್ಲಿ ಹೋಗುತ್ತದೆ, ಮಳೆಮೋಡ ಸುತ್ತಿ ಹೋಗುತ್ತದೆ. ಏರುವಾಗ, ಇಳಿಯುವಾಗ 900ರ ವೇಗ ಇರುವುದಿಲ್ಲ. ಗೇಟ್ ಬಿಟ್ಟು ರನ್‌ವೇ ಸೇರುವುದಕ್ಕೇ ಎಷ್ಟೋ ಸಲ ಕಾಲು ಗಂಟೆ ಬೇಕು. ಎಲ್ಲಕ್ಕಿಂತ ಜಾಸ್ತಿ ಗಾಳಿ. ನನ್ನದು ಪಶ್ಚಿಮಕ್ಕೆ ಹೋಗುವ ವಿಮಾನ, ಜೆಟ್ ಸ್ಟ್ರೀಮ್, ಅಂದರೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ, ಎದುರಿಗೆ ಬೀಸುತ್ತದೆ. ಲಂಡನ್ ಹೀಥ್ರೂ ಮತ್ತು ನ್ಯೂಯಾರ್ಕ್ ಜೆಎಫ್‌ಕೆ ನಡುವೆ ಸುಮಾರು 5,540 ಕಿ.ಮೀ. ನ್ಯೂಯಾರ್ಕ್‌ಗೆ ಹೋಗುವಾಗ, ಬರುವಾಗಿನದಕ್ಕಿಂತ ಸುಮಾರು ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ. ನಿಮ್ಮ ಆ್ಯಪ್ ಎರಡೂ ಕಡೆಗೆ 6 ಗಂಟೆ 9 ನಿಮಿಷ ಎನ್ನುತ್ತದೆ. ನಿನ್ನೆ ರಾತ್ರಿ ನಾನೇ ಹಾಕಿ ನೋಡಿದೆ.

ನಿಮ್ಮದೇ ಸಹಾಯ ಪುಟದಲ್ಲಿ "ಪ್ರಯಾಣದ ಸಮಯ ಅಂದರೆ ಗೇಟ್‌ನಿಂದ ಗೇಟ್‌ಗೆ" ಎಂದು ಬರೆದಿದೆ. ಆ ನಿಯಮ ಬರೆದವರು ನೀವೇ.

ವಿಮಾನ ತಪ್ಪಿದ ಆ ರಾತ್ರಿ ಕಳೆದು ಬೆಳಿಗ್ಗೆ ಅಪ್ಪನಿಗೆ ಆಪರೇಷನ್ ಇತ್ತು. ಒಳಗೆ ಹೋಗುವ ಮುಂಚೆ ನನ್ನನ್ನು ಕೇಳಿದರಂತೆ. ನಾನು ತಲುಪಿದ್ದು ಮರುದಿನ ಸಂಜೆ.

ಎರಡನೇ ಟಿಕೆಟ್‌ನ ಹಣ, ಮತ್ತೆ ಕೊಂಡ ಟಿಕೆಟ್‌ನ ಹಣ, ಎರಡೂ 15 ದಿನದೊಳಗೆ ವಾಪಸ್ ಬರಬೇಕು. ಬರದಿದ್ದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ಸ್ಕ್ರೀನ್‌ಶಾಟ್‌ಗಳು ನನ್ನ ಹತ್ತಿರ ಇವೆ. ಆ ಕಾಲ್‌ನ ರೆಕಾರ್ಡಿಂಗ್ ನಿಮ್ಮ ಹತ್ತಿರ ಇದೆ, ಅದನ್ನು ಅಲ್ಲೇ ಎಲ್ಲರೆದುರು ಹಾಕಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ