ಕುಳಿತವರ ಅಳತೆಯನ್ನೂ ತೆಗೆದುಕೊಳ್ಳಲಿ

ಮಾನ್ಯರೇ,

ಫ್ಯಾಷನ್ ಲೋಕ ಎಲ್ಲರನ್ನೂ ಒಳಗೊಳ್ಳುತ್ತಿದೆ ಎಂಬ ವರದಿ ಓದಿದೆ. ಆದರೆ ಸಿದ್ಧ ಉಡುಪುಗಳಲ್ಲಿ ಬಹುಪಾಲು ಇಂದಿಗೂ ನಿಂತವರ ಅಳತೆಗೇ ತಯಾರಾಗುತ್ತಿವೆ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಮಾಮೂಲಿ ಪ್ಯಾಂಟ್ ಹಿಂದೆ ಜಾರುತ್ತದೆ, ಮುಂದೆ ಮುದ್ದೆಗಟ್ಟುತ್ತದೆ. ಹಿಂಜೇಬಿನ ದಪ್ಪ ಹೊಲಿಗೆ ದಿನವಿಡೀ ಒತ್ತಿ, ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಗೊತ್ತೇ ಆಗದಂತೆ ಹುಣ್ಣಾಗಲೂಬಹುದು. ಸಂಧಿವಾತದಿಂದ ಬೆರಳು ಸೆಟೆದ ಹಿರಿಯರಿಗಂತೂ ಅಂಗಿಯ ತೋಳಿನ ಪುಟ್ಟ ಗುಂಡಿಯೇ ದೊಡ್ಡ ಸವಾಲು. ಹೀಗಾಗಿ ಎಷ್ಟೋ ಜನ ಇಷ್ಟದ ಉಡುಪು ಬಿಟ್ಟು ಸಡಿಲ ಟೀ ಶರ್ಟ್‌ಗೆ ಶರಣಾಗುತ್ತಾರೆ. ಉದ್ಯೋಗದ ಸಂದರ್ಶನಕ್ಕೂ ಅದೇ!

ಇದಕ್ಕೆ ಪರಿಹಾರ ಇಲ್ಲದಿಲ್ಲ. ಟಾಮಿ ಹಿಲ್‌ಫಿಗರ್ ಎಂಬ ಅಮೆರಿಕದ ಉಡುಪು ಕಂಪನಿ 2016ರಲ್ಲೇ ಅಂಗವಿಕಲ ಮಕ್ಕಳಿಗೆಂದು ಸುಲಭವಾಗಿ ತೊಡಬಹುದಾದ ಉಡುಪುಗಳನ್ನು ಮಾರುಕಟ್ಟೆಗೆ ತಂದಿತ್ತು. ಪ್ಯಾಂಟಿನ ಹಿಂಭಾಗವನ್ನು ತುಸು ಎತ್ತರಿಸಿ, ಮುಂಭಾಗ ತಗ್ಗಿಸಿ, ಗುಂಡಿಯ ಅಡಿಯಲ್ಲಿ ವೆಲ್ಕ್ರೋ ಇಟ್ಟರೆ ನೋಟವೂ ಕೆಡದು. (ಕೆಲವರು ಆಯಸ್ಕಾಂತ ಬಳಸುತ್ತಾರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಅದು ಅಪಾಯಕಾರಿ.)

ವಸ್ತ್ರವಿನ್ಯಾಸ ಕಾಲೇಜುಗಳು ಇಂಥ ಉಡುಪುಗಳ ತಯಾರಿಕೆಯನ್ನು ಕಡ್ಡಾಯ ಪಠ್ಯವಾಗಿಸಬೇಕು. ಅಳತೆ ತೆಗೆಯುವ ಹಂತದಿಂದಲೇ ತೊಡುವವರನ್ನೂ ಜೊತೆಗೆ ಕೂರಿಸಿಕೊಳ್ಳಬೇಕು.

– ಓರ್ವ ಓದುಗ